ತವರಿನ ಹತ್ತಿಬೀಜ

ಈ ಕಥೆಗೆ ಕೈಹಾಕುವ ಮೊದಲು ಕ್ಷಮೆ ಕೇಳಿಕೊಳ್ಳಬೇಕು. ಹತ್ತಿಯ ಮಾತನ್ನು ಎರೆಮಣ್ಣಿನಲ್ಲಿ ಬೆವರು ಸುರಿಸಿದವರು ಹೇಳಬೇಕು. ಜೀವದ ಒಂದು ಕುಲದಿಂದ ಇನ್ನೊಂದು ಕುಲ ಹುಟ್ಟುವ ಮಾತನ್ನು ಅದನ್ನೇ ಓದಿಕೊಂಡವರು ಹೇಳಬೇಕು. ಇದು ಎರಡೂ ಅಲ್ಲದ ಬಾಯಿಯಿಂದ ಬರುತ್ತಿದೆ. ಕೇಳಿದ್ದರಲ್ಲಿ ಒಂದಿಷ್ಟು ಮರೆತುಹೋಗಿರಬಹುದು, ತಿಳಿದುಕೊಂಡದ್ದರಲ್ಲಿ ಒಂದಿಷ್ಟು ತಪ್ಪಿರಬಹುದು. ಹಾಗಿದ್ದರೆ ಆ ತಪ್ಪು ಹೇಳಿದವರದು, ಮಂಜವ್ವನದಲ್ಲ. ಸುಮ್ಮನಿದ್ದುಬಿಟ್ಟರೆ ಅವಳು ಕಂಡದ್ದು ಅವಳ ಜೊತೆಗೇ ಹೋದೀತೆಂಬ ಒಂದೇ ಅಂಜಿಕೆಯಿಂದ ಈ ಧೈರ್ಯ.

ಮಂಜವ್ವ ಲಕ್ಷ್ಮೇಶ್ವರದ ಹೆಣ್ಣು. ಅವಳನ್ನು ಕೊಟ್ಟದ್ದು ಕಪ್ಪತಗುಡ್ಡದ ಆಚೆ, ಮುಂಡರಗಿ ಕಡೆಯ ಒಂದು ಎರೆಹೊಲದ ಊರಿಗೆ. ಆಗ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ನಡುವಿನ ಶಿರಹಟ್ಟಿ ಸಾಂಗಲಿಯವರದು, ಮುಂಡರಗಿ ಇಂಗ್ರೇಜಿ ಸರಕಾರದ್ದು. ಮದುವಣಗಿತ್ತಿಯನ್ನು ಕೂರಿಸಿಕೊಂಡ ಚಕ್ಕಡಿ ಹೊತ್ತು ಮುಳುಗುವುದರೊಳಗೆ ಮೂರು ರಾಜ್ಯಗಳ ಮಣ್ಣು ತುಳಿದಿತ್ತು. ಶಿರಹಟ್ಟಿಯ ಗಡಿಕಲ್ಲಿನ ಹತ್ತಿರ ಸುಂಕದ ನಾಕಾದವನೊಬ್ಬ ತಡೆದು, ಉಡಿಯಲ್ಲಿ ಏನಿದೆ ಎಂದು ಕೇಳಿದ್ದನಂತೆ. ಕೊಬ್ಬರಿ ಬಟ್ಟಲು, ಅಕ್ಕಿ, ಅರಿಸಿನದ ಬೇರು, ಎಲೆ ಅಡಿಕೆ. ಅದರ ಜೊತೆಗೆ ಒಂದು ಬೊಗಸೆ ಹತ್ತಿಬೀಜ.

ಹತ್ತಿಬೀಜ ಹಾಕುವುದು ಆ ಮನೆಯ ಪದ್ಧತಿ. ಮಗಳು ಗಂಡನ ಮನೆಗೆ ಹೊರಟಾಗ ಹೆತ್ತವ್ವ ತನ್ನ ಹೊಲದ ಜವಾರಿ ಹತ್ತಿಯ ಬೀಜವನ್ನು ಉಡಿಗೆ ಹಾಕುತ್ತಿದ್ದಳು. ಅವಳಿಗೆ ಅವಳ ಅವ್ವ ಹಾಕಿದ್ದು, ಆ ಅವ್ವನಿಗೆ ಅವಳ ಅವ್ವ. ಅತ್ತೆ ಹನಮಂತವ್ವ ಉಡಿ ಬಿಚ್ಚಿ ನೋಡಿ ನಕ್ಕಿದ್ದಳು:

"ಹತ್ತಿಕಾಳು ನಾವು ಎಮ್ಮಿಗೆ ಹಾಕ್ತೀವಿ. ಇವರ ತವರಿನವರು ಮಗಳಿಗೆ ಹಾಕ್ಯಾರ. ಹಾಲು ಎಷ್ಟ ಕೊಡತಾಳ ನೋಡೂಣು!"

ಮಂಜವ್ವ ಆ ನಗುವನ್ನು ನುಂಗಿಕೊಂಡಳು. ಮದುವೆಯಾದ ಮರುವರ್ಷವೇ ಅವ್ವ ತೀರಿಕೊಂಡಳು. ಆಮೇಲೆ ತವರು ಎಂದು ಅವಳ ಕೈಯಲ್ಲಿ ಉಳಿದದ್ದು ಆ ಬೀಜ ಒಂದೇ. ಹಳ್ಳದ ಮಗ್ಗುಲಿನ ಒಂದು ಪಟ್ಟಿ ನೆಲವನ್ನು ಅದಕ್ಕೆಂದೇ ಇಟ್ಟುಕೊಂಡಳು. ಅದರ ಹತ್ತಿಯನ್ನು ಗದಗಿನ ಕಾರ್ಖಾನೆಗೆ ಎಂದೂ ಕಳಿಸಲಿಲ್ಲ. ಅಲ್ಲಿ ಹತ್ತೂರಿನ ಬೀಜ ಒಂದರಲ್ಲೊಂದು ಬೆರೆಯುತ್ತಿತ್ತು. ಮನೆಯ ಪಡಸಾಲೆಯಲ್ಲಿ ಕೂತು, ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆ ಉರುಳಿಸಿ, ತಾನೇ ಬೀಜ ಬಿಡಿಸುತ್ತಿದ್ದಳು. ಬಿತ್ತುವ ಮೊದಲು ಸಗಣಿ ನೀರಿನಲ್ಲಿ ತಿಕ್ಕಿ, ಬೂದಿಯಲ್ಲಿ ಹೊರಳಿಸಿ ಒಣಗಿಸುತ್ತಿದ್ದಳು.

ಇದರ ಮೇಲೆ ಅವಳು ಇನ್ನೊಂದು ಕೆಲಸ ಮಾಡುತ್ತಿದ್ದಳು. ಅವ್ವನ ಗಿಡ ಹೇಗಿತ್ತೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ಹೊಲದ ಬಾಗಿಲಲ್ಲೇ ನಿಂತಿದ್ದ ಆ ಗಿಡದ ಮೇಲೆ ಕೈಯಿಟ್ಟುಕೊಂಡೇ ಅವ್ವ ಅವಳಿಗೆ ಹತ್ತಿ ಬಿಡಿಸಲು ಕಲಿಸಿದ್ದಳು. ಹಸಿರು ದಂಟು, ಅಂಗೈಯಂಥ ಅಗಲ ಎಲೆ, ಹಳದಿ ಹೂವು, ಹೂವಿನ ನಡುವೆ ಕೆಂಪು ಕಣ್ಣು, ದುಂಡನೆಯ ಕಾಯಿ. ತನ್ನ ಪಟ್ಟಿಯಲ್ಲಿ ಹಾಗಿಲ್ಲದ ಗಿಡ ಕಂಡರೆ, ಅದು ಎಳೆಯದಿರುವಾಗಲೇ ಮಂಜವ್ವ ಕಿತ್ತು ಒಗೆಯುತ್ತಿದ್ದಳು. ಕೆಂಪು ದಂಟಿನವು, ಎಲೆ ಸಣ್ಣಗೆ ಸೀಳಿದಂಥವು, ಮೈತುಂಬ ನವಿರು ಕೂದಲು ಇರುವಂಥವು. ಕಿತ್ತಷ್ಟೂ ಮರುವರ್ಷ ಕೆಲವು ಹುಟ್ಟುತ್ತಿದ್ದವು. ಹಸಿರು ದಂಟಿನ ಬೀಜವನ್ನಷ್ಟೇ ಹಾಕಿದರೂ ಅದರೊಳಗಿಂದ ಕೆಂಪು ದಂಟು ಏಳುತ್ತಿತ್ತು. ಎಲ್ಲಿಂದ ಬರುತ್ತವೆಂದು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅವ್ವನ ಬೀಜ ಕೆಡಬಾರದೆಂದು ಅಷ್ಟು ವರ್ಷವೂ ಬಗ್ಗಿ ಕಿತ್ತಳು. ಕೀಳಬೇಕೆಂದು ಅವ್ವ ಹೇಳಿರಲಿಲ್ಲ. ಇದು ಅವಳದೇ ನೇಮ.

ಅತ್ತೆ ತೀರಿಕೊಂಡ ವರ್ಷ ಮಾತ್ರ ಆ ನೇಮ ತಪ್ಪಿತು. ಸೂತಕ, ದಿನಕರ್ಮ, ಬರಹೋಗುವ ಬೀಗರು ಇವೆಲ್ಲ ಮುಗಿಸಿ ಅವಳು ಪಟ್ಟಿಗೆ ಹೋಗುವ ಹೊತ್ತಿಗೆ ಹೂವು ಬಂದುಬಿಟ್ಟಿದ್ದವು. ಹೂ ಹೊತ್ತ ಗಿಡವನ್ನು ಕೀಳುವುದೆಂದರೆ ಬಸುರಿಯನ್ನು ಮನೆಯಿಂದ ಹೊರಗೆ ನೂಕಿದ ಹಾಗೆ ಎಂದು ಅವಳ ಲೆಕ್ಕ. ಕೀಳಲಿಲ್ಲ. ಆ ವರ್ಷದ ಬೀಜದಲ್ಲಿ ಅವುಗಳ ಬೀಜವೂ ಸೇರಿತು. ಮುಂದಿನ ಬೆಳೆಯಲ್ಲಿ ಅಂಥವು ಎಷ್ಟು ಎದ್ದವೆಂದರೆ, ಕಿತ್ತರೂ ಅಲ್ಲೊಂದು ಇಲ್ಲೊಂದು ಉಳಿದುಬಿಟ್ಟವು.

ಮರುವರ್ಷ, ಅಂದರೆ ಕನ್ನಡ ಸೀಮೆಗಳೆಲ್ಲ ಒಂದಾಗುತ್ತವೆಂದು ಗದಗಿನ ಬಜಾರದಲ್ಲಿ ಜನ ಗುಂಪುಗೂಡಿ ಪತ್ರಿಕೆ ಓದಿಸಿಕೊಳ್ಳುತ್ತಿದ್ದ ಕಾಲಕ್ಕೆ, ಮಗಳು ರೇಣುಕವ್ವನ ಲಗ್ನ ಗೊತ್ತಾಯಿತು. ವರ ಯಲಬುರ್ಗಿ ಕಡೆಯವನು, ನಿನ್ನೆ ಮೊನ್ನೆಯವರೆಗೆ ನಿಜಾಮನ ಆಳಿಕೆಯಲ್ಲಿದ್ದ ಮೊಗಲಾಯಿ ಸೀಮೆ. ಲಗ್ನ ಬರುವ ವೈಶಾಖಕ್ಕೆ. ಮಂಜವ್ವನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ಸಲದ ಬೀಜ ಮಗಳ ಉಡಿಗೆ.

ಕಾರ್ತಿಕ ಮುಗಿಯುವ ಹೊತ್ತಿಗೆ ಪಟ್ಟಿಯ ಗಿಡಗಳು ಹಳದಿಗಟ್ಟತೊಡಗಿದವು. ಮೊದಲು ಎಲೆ ಜೋತುಬೀಳುತ್ತಿತ್ತು, ಆಮೇಲೆ ಇಡೀ ಗಿಡ ನಿಂತಲ್ಲೇ ಸೊರಗುತ್ತಿತ್ತು. ನೀರಿಲ್ಲದ್ದಕ್ಕಲ್ಲ, ನೆಲದಲ್ಲಿ ಹಸಿ ಇತ್ತು. ಒಂದು ದಂಟನ್ನು ಸೀಳಿ ನೋಡಿದರೆ ಒಳಗೆ ಉದ್ದಕ್ಕೂ ಕಪ್ಪು ಗೆರೆ. ಹಸಿರು ದಂಟಿನ, ಅಗಲ ಎಲೆಯ, ಅವ್ವನ ಕೈಯಂಥ ಗಿಡಗಳು ಸಾಲು ಸಾಲಾಗಿ ಒಣಗಿದವು.

ಗಂಡ ಹೇಮಪ್ಪ ಬದುವಿನ ಮೇಲೆ ನಿಂತು, "ನಿನ್ನ ತವರಿನ ಹತ್ತಿ ಕಣ್ಣ ಮುಚ್ಚೇತಿ ನೋಡು" ಅಂದ.

"ಮುಚ್ಚಿದ್ದು ಭಾಳ ಜಲ್ದಿ ಕಂಡ್ರಿ. ತೆರದಿದ್ದಾಗ ಒಂದ ದಿನಾರ ನೋಡೀರೇನು?"

"ನೋಡೀನಿ, ನೋಡೀನಿ. ನನಗ ಬುತ್ತಿ ತರೂದು ಬಿಟ್ಟು ಅದರ ಮುಂದ ಕುಂಡ್ರತಿದ್ದಿ, ಹೊಟ್ಟಿ ಹಸದಾಗೆಲ್ಲಾ ನೋಡೀನಿ." ಅವನ ದನಿ ಮೆತ್ತಗಾಯಿತು. "ಕಿತ್ತು ಸುಟ್ಟುಬಿಡೂಣು. ಅಂದಪ್ಪನ ಹೊಲದಾಗ ವಿಲಾಯತಿ ಹತ್ತಿ ಹೆಂಗ ನಿಂತೈತಿ ನೋಡು. ಒಂದಕ್ಕೂ ರೋಗಿಲ್ಲ. ಮಗಳ ಉಡಿಗೆ ಅದನ್ನ ಹಾಕು, ಯಾರ ಬ್ಯಾಡಂತಾರ?"

ಮಂಜವ್ವನ ಕಣ್ಣು ಬೇರೆ ಕಡೆ ನೆಟ್ಟಿತ್ತು. ಸತ್ತ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಜೀವ ಹಿಡಿದು ನಿಂತಿತ್ತು. ಹತ್ತಿರ ಹೋದಳು. ಕೆಂಪು ದಂಟು, ಸೀಳಿದ ಸಣ್ಣ ಎಲೆ. ಮುಂದಿನದು ನೋಡಿದಳು, ಅದೂ ಅದೇ. ಬದುವಿನ ತನಕ ನಡೆದಳು. ಉಳಿದದ್ದೆಲ್ಲ ಹೆಚ್ಚುಕಡಿಮೆ ಅವಳು ಎಳೆಯದರಲ್ಲೇ ಕಿತ್ತು ಒಗೆಯುತ್ತಿದ್ದ ಜಾತಿಯದೇ.

ಹೇಮಪ್ಪನಿಗೂ ಕಂಡಿತು. "ಹೇಳಲಿಲ್ಲೇನ ನಾನು? ಅಂದಪ್ಪನ ವಿಲಾಯತಿ ಗಾಳಿ ಬಡದೈತಿ. ಇವು ಅದರ ಮಿಶ್ರಾ. ಅದಕ್ಕ ಸತ್ತಿಲ್ಲ."

ಅದು ಅವಳಿಗೆ ಸಾವಿಗಿಂತ ಹೆಚ್ಚು ಚುಚ್ಚಿತು. ಅವ್ವನವು ಸತ್ತವು, ಯಾರದೋ ಉಳಿದವು ಎಂದಾಯಿತು. ಇವನ್ನು ಮಗಳ ಉಡಿಗೆ ಹಾಕಿ, ಇದು ನಿನ್ನ ಅಜ್ಜಿಯದು ಎಂದು ಹೇಗೆ ಹೇಳುವುದು? ಸಿಟ್ಟಿನಿಂದ ಒಂದು ಕೆಂಪು ದಂಟಿಗೆ ಕೈಹಾಕಿದಳು. ಮೇಲ್ಗಡೆ ಒಂದು ಹೂವು ಅರಳಿತ್ತು. ಹಳದಿ ಹೂವು, ನಡುವೆ ಕೆಂಪು ಕಣ್ಣು. ಆ ಕಣ್ಣು ಮಾತ್ರ ಅವ್ವನ ಗಿಡದ್ದೇ. ಕೈ ಹಿಂದಕ್ಕೆ ಬಂತು.

ಅದೇ ವಾರದಲ್ಲಿ ಸೈಕಲ್ಲಿನ ಮೇಲೆ ಕುತುಬುದ್ದೀನ ಬಂದ. ಸರಕಾರದ ಬೀಜದ ಇಲಾಖೆಯ ನೌಕರ, ಗದಗಿನವನೇ. ರೋಗ ಬಿದ್ದ ಹತ್ತಿಹೊಲಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದ. ಸತ್ತ ಗಿಡಗಳ ನಡುವೆ ಉಳಿದದ್ದು ಏನಾದರೂ ಇದೆಯೇ ಎಂದು ಕೇಳಿದ.

ಹೇಮಪ್ಪ ನಕ್ಕ. "ಹೆಣಾ ಹೋದ ಮನಿಗೆ ಬಂದು ಉಳದಾವರು ಹೆಂಗದಾರ ಅಂತ ಕೇಳೂ ಮನುಷ್ಯಾ ಅಂದ್ರ ನೀವ ನೋಡ್ರಿ."

"ಅವರನ್ನ ಕೇಳಬೇಕಲ್ಲರಿ ಮಾವಾರ, ಹೋದಾವರು ಹೇಳಂಗಿಲ್ಲಲಾ" ಎಂದು ಕುತುಬುದ್ದೀನನೂ ನಕ್ಕ.

ಕೆಂಪು ದಂಟಿನ ಗಿಡ ನೋಡಿ ಅವನು ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತ. ಇದರ ಬೀಜ ತನಗೂ ಒಂದಿಷ್ಟು ಬೇಕು ಅಂದ. ಮಂಜವ್ವ ಸೆರಗು ಬಿಗಿಹಿಡಿದುಕೊಂಡು ಕೇಳಿದಳು: "ಸಾಹೇಬ್ರ, ಇದು ವಿಲಾಯತಿ ಕೂಡಿದ್ದೋ, ನಮ್ಮದೋ? ಖರೆ ಹೇಳ್ರಿ."

"ನಾ ಹೇಳಿದ್ರ ನಾ ಹೇಳಿದಂಗಾತು. ಹೂವಿನ್ನ ಕೇಳೂಣು ಬರ್ರಿ, ಯಕ್ಕಾರ."

ರೋಗದಲ್ಲೂ ಒಂದು ಅಗಲ ಎಲೆಯ ಹಸಿರು ಗಿಡ ಪಟ್ಟಿಯ ತುದಿಯಲ್ಲಿ ಹೇಗೋ ಬದುಕಿತ್ತು. ಅದರ ಮೊಗ್ಗು ಅರಳುವ ಮುನ್ನವೇ ಬಿಡಿಸಿ, ಒಳಗಿನ ಪರಾಗದ ಧೂಳಿನ ಗಂಟುಗಳನ್ನು ಚಿಮುಟದಿಂದ ತೆಗೆದುಹಾಕುವುದನ್ನು ಅವನು ತೋರಿಸಿದ. ಆ ಮೊಗ್ಗಿಗೆ ಬಟ್ಟೆಯ ಚೀಲ ಕಟ್ಟಿ, ಮಾರನೆಯ ಮುಂಜಾನೆ ಬೇಕಾದ ಹೂವಿನ ಧೂಳನ್ನು ಅದರ ನಡುವಿನ ಕಡ್ಡಿಗೆ ಸವರಬೇಕು. ಕೆಲವು ಮೊಗ್ಗಿಗೆ ಅಂದಪ್ಪನ ವಿಲಾಯತಿ ಹೂವಿನ ಧೂಳು, ಅವಕ್ಕೆ ಬಿಳಿ ದಾರ. ಕೆಲವಕ್ಕೆ ಕೆಂಪು ದಂಟಿನ ಗಿಡದ ಧೂಳು, ಅವಕ್ಕೆ ಕೆಂಪು ದಾರ. ಎರಡು ಕುಲ ಬೇರೆಬೇರೆಯಾಗಿದ್ದರೆ ಕಾಯಿ ನಿಲ್ಲುವುದಿಲ್ಲ, ಒಂದೇ ಆಗಿದ್ದರೆ ನಿಲ್ಲುತ್ತದೆ ಎಂದು ಹೇಳಿ, ಸಂಕ್ರಮಣ ಕಳೆದ ಮೇಲೆ ಬರುತ್ತೇನೆಂದು ಹೋದ. ಮೊಗ್ಗು ಬಿಡಿಸುವುದು, ಸವರುವುದು, ದಾರ ಕಟ್ಟುವುದು ಎಲ್ಲವನ್ನೂ ಮಂಜವ್ವ ತನ್ನ ಕೈಯಾರೆ ಮಾಡಿದಳು. ಹೇಮಪ್ಪ ಬೀಡಿ ಹಚ್ಚಿ, "ಮಗಳ ಲಗ್ನಾ ಬಿಟ್ಟು ಹೂವಿನ ಲಗ್ನಾ ಮಾಡಾಕ ಹತ್ಯಾಳ" ಅಂದ.

ಆದರೆ ಹೂವಿನ ಮಾತು ತಿಳಿಯುವ ತನಕ ಕಾಯಲು ಅವಳಿಂದ ಆಗಲಿಲ್ಲ. ಲಕ್ಷ್ಮೇಶ್ವರದಲ್ಲಿ ಅಕ್ಕ ಕಸ್ತೂರೆವ್ವ ಇದ್ದಳು. ಸೋದರಮಾವನನ್ನೇ ಮದುವೆಯಾಗಿ ಊರಲ್ಲೇ ಉಳಿದವಳು. ಅವ್ವನ ಹೊಲ ಅವಳ ಪಾಲಿಗೆ ಬಂದಿತ್ತು. ಅಲ್ಲಿ ಕೆಡದ ಬೀಜ ಸಿಕ್ಕೀತೆಂದು, ಸಂಕ್ರಮಣದ ನೆವ ಮಾಡಿಕೊಂಡು ರೇಣುಕವ್ವನ ಜೊತೆ ಹೊರಟಳು. ಶಿರಹಟ್ಟಿಯ ತನಕ ಚಕ್ಕಡಿ, ಅಲ್ಲಿಂದ ಬಸ್ಸು. ನಾಕಾದ ಕಲ್ಲು ಇನ್ನೂ ಅಲ್ಲೇ ಇತ್ತು. ತಡೆಯುವವರು ಇರಲಿಲ್ಲ. ಯಾರೋ ಅದರ ಮೇಲೆ ಸಗಣಿ ಕುಳ್ಳು ಬಡಿದಿದ್ದರು.

ಕಸ್ತೂರೆವ್ವ ಬಾಗಿಲಲ್ಲೇ ಶುರು ಮಾಡಿದಳು. "ಬಾರವಾ ಮಂಜೀ! ನಿಮ್ಮ ಊರಾಗ ಹಬ್ಬಕ್ಕ ಅಕ್ಕಂದ್ರು ನೆನಪಾಗೂದು ಇಷ್ಟ ವರ್ಷಕ್ಕೊಮ್ಮೆ ಏನ?"

"ದೊಡ್ಡವ್ವಾ, ಆಕಿ ನಿನ್ನ ನೆನಸಿ ಬಂದಿಲ್ಲ. ಹತ್ತಿ ನೆನಸಿ ಬಂದಾಳ" ಅಂದಳು ರೇಣುಕವ್ವ.

"ಹಂಗ ಇರ್ಲಿ ಬಿಡು. ನನಕಿಂತಾ ಹತ್ತೀನ ಮೆತ್ತಗ ಐತಿ."

ಊಟ ಮುಗಿಸಿ ಹೊಲಕ್ಕೆ ಹೋದರು. ದಾರಿಯುದ್ದಕ್ಕೂ ಮಂಜವ್ವ ಅವ್ವನ ಗಿಡದ ಬಗ್ಗೆಯೇ ಮಾತಾಡಿದಳು. ಹೊಲದ ಬಾಗಿಲಿಗೆ ಬಂದು ಒಳಗೆ ಕಣ್ಣುಹಾಯಿಸಿದಳು.

ಹೊಲದ ತುಂಬ ಹತ್ತಿ ಇತ್ತು. ಆದರೆ ಒಂದು ಗಿಡ ಇನ್ನೊಂದರ ಹಾಗಿರಲಿಲ್ಲ. ಹಸಿರು ದಂಟಿನ ಪಕ್ಕದಲ್ಲಿ ಕೆಂಪು, ಅದರ ಪಕ್ಕದಲ್ಲಿ ಎರಡೂ ಅಲ್ಲದ ತಾಮ್ರದ ಬಣ್ಣ. ಅಗಲ ಎಲೆ, ಸೀಳಿದ ಎಲೆ, ನವಿರು ಎಲೆ. ಗಿಡ್ಡ, ಎತ್ತರ. ಕಾಯಿ ದುಂಡಗಿದ್ದವು, ಚೂಪಾಗಿದ್ದವು. ಒಂದು ದೊಡ್ಡ ಮನೆತನದವರೆಲ್ಲ ಕೂಡಿ ಹೊರಗೆ ಬಂದು ನಿಂತ ಹಾಗಿತ್ತು. ಮೂಗು ಒಬ್ಬರದೊಂದು, ಬಣ್ಣ ಒಬ್ಬರದೊಂದು, ಆದರೂ ನೋಡಿದವರಿಗೆ ಒಂದೇ ಮನೆಯವರೆಂದು ಗೊತ್ತಾಗುವಂತೆ. ನಡುನಡುವೆ ಸೊರಗಿದ ಗಿಡಗಳೂ ಇದ್ದವು.

"ಅಕ್ಕಾ, ಇದೇನ? ಅವ್ವನ ಬೀಜಾನೂ ಕೆಡಿಸಿ ಬಿಟ್ಯಲ್ಲ!"

"ಯಾರ ಕೆಡಿಸ್ಯಾರ? ಅವ್ವ ಇದ್ದಾಗ ಹಿಂಗ ಇತ್ತು, ಈಗೂ ಹಿಂಗ ಐತಿ."

"ಅವ್ವನ ಗಿಡ ಹಸರ ದಂಟಿಂದು. ಬಾಗಲದಾಗ ಇತ್ತಲ್ಲ, ನನಗ ಬಿಡಸೂದು ಕಲಿಸಿದ್ದು."

ಕಸ್ತೂರೆವ್ವ ಸೊಂಟದ ಮೇಲೆ ಕೈಯಿಟ್ಟು ತಂಗಿಯನ್ನು ನೋಡಿದಳು. "ಬಾಗಲದಾಗಿನ ಒಂದ ಗಿಡ ನೋಡಿ ಹೊಲಾ ಎಲ್ಲಾ ಹಂಗ ಅಂತ ತಿಳದ್ಯಾ? ನನಗ ಅವ್ವ ಕಲಿಸಿದ್ದು ಆ ಬದುವಿನ ಕಡೇದ್ದು, ಕೆಂಪ ದಂಟಿಂದು. ಕೈ ತುರಸತೈತಿ ಅಂತ ಅತ್ತೀನಿ, ಎರಡ ಏಟೂ ತಿಂದೀನಿ. ರೋಗ ಆಗೂ ಬರತಿತ್ತು. ಒಂದಷ್ಟು ಹೋಗತಿದ್ವು, ಒಂದಷ್ಟು ಇರತಿದ್ವು. ಉಳದ ಗಿಡದ್ದ ಎಲ್ಲಾ ಕೂಡಿಸಿ ಬೀಜಾ ತಗೀತಿದ್ಲು. ನಿನ್ನ ಉಡ್ಯಾಗ ಹಾಕಿದ್ದೂ ಅದನ್ನ."

ಮಂಜವ್ವ ಬದುವಿನ ಮೇಲೆ ಕೂತುಬಿಟ್ಟಳು. ಅಷ್ಟು ವರ್ಷ ಬಗ್ಗಿ ಬಗ್ಗಿ ಕಿತ್ತದ್ದು ನೆನಪಾಯಿತು. ಬೇರಿನ ಮಣ್ಣು ಝಾಡಿಸಿ, ಬದುವಿನಾಚೆ ಒಗೆದ ಕೆಂಪು ದಂಟುಗಳು. ಅವ್ವನನ್ನು ಕಾಪಾಡುತ್ತಿದ್ದೇನೆಂದು ಅಂದುಕೊಂಡು ಅವ್ವನ ಒಂದು ಮಗ್ಗುಲನ್ನೇ ವರ್ಷವರ್ಷ ಕಿತ್ತು ಒಗೆದಿದ್ದಳು. ರೋಗಕ್ಕೆ ಎದುರು ನಿಲ್ಲುವ ಮಗ್ಗುಲು ಅದೇ ಆಗಿತ್ತು. ಅತ್ತೆಯ ಸೂತಕ ಅಡ್ಡ ಬರದಿದ್ದರೆ ಅದೂ ಇರುತ್ತಿರಲಿಲ್ಲ, ಏನೂ ಇರುತ್ತಿರಲಿಲ್ಲ.

"ಯವ್ವಾ, ಅಳಬ್ಯಾಡ" ಅಂದಳು ರೇಣುಕವ್ವ. "ನಮ್ಮಜ್ಜಿ ಎಮ್ಮಿ ಮುಂದ ಹಾಕೂ ಕಾಳು ಅಂತ ನಗತಿದ್ಲು. ತಾನು ಸತ್ತು ನಿನ್ನ ಬೀಜಾ ಉಳಿಸ್ಯಾಳ ನೋಡು."

ಮಂಜವ್ವ ಅಳುತ್ತಲೇ ನಕ್ಕಳು. ಕಸ್ತೂರೆವ್ವ ತನ್ನ ಕಣಜದಿಂದ ಒಂದು ಗಂಟು ಬೀಜ ಕಟ್ಟಿಕೊಟ್ಟಳು. ಆದರೂ ಊರಿಗೆ ಮರಳುವ ದಾರಿಯಲ್ಲಿ ಒಂದು ಅನುಮಾನ ಮಾತ್ರ ಹೋಗಿರಲಿಲ್ಲ. ಅಕ್ಕನ ಹೊಲದ ಕೆಂಪು ದಂಟು ಅವ್ವನದು, ಸರಿ. ತನ್ನ ಪಟ್ಟಿಯ ಕೆಂಪು ದಂಟು?

ಬಸ್ಸಿನಿಂದ ಇಳಿದು, ಚಕ್ಕಡಿ ಹಿಡಿದು, ಮನೆಗೂ ಹೋಗದೆ ನೇರ ಪಟ್ಟಿಗೆ ಹೋದಳು. ಬಿಳಿ ದಾರದ ಹೂವುಗಳೆಲ್ಲ ಉದುರಿದ್ದವು. ದಾರ ಬರೀ ಕಡ್ಡಿಗೆ ಜೋತಾಡುತ್ತಿತ್ತು. ಕೆಂಪು ದಾರದಲ್ಲಿ ಸಣ್ಣ ಸಣ್ಣ ಹಸಿರು ಕಾಯಿ ಕೂತಿದ್ದವು. ಹಸಿರು ಗಿಡ ಕೆಂಪು ಗಿಡದ ಧೂಳನ್ನು ತನ್ನದೆಂದು ತೆಗೆದುಕೊಂಡಿತ್ತು, ವಿಲಾಯತಿಯದನ್ನು ತೆಗೆದುಕೊಂಡಿರಲಿಲ್ಲ. ಅವಳು ಆ ಕಾಯಿಯನ್ನು ಮುಟ್ಟಲಿಲ್ಲ. ಸುಮ್ಮನೆ ಅದರ ಎದುರು ಕೈಮುಗಿದಳು.

ಹೇಳಿದ ಮಾತಿನಂತೆ ಕುತುಬುದ್ದೀನ ಬಂದ. ಅಕ್ಕನ ಹೊಲದಲ್ಲಿ ಕಂಡದ್ದನ್ನೆಲ್ಲ ಮಂಜವ್ವ ಅವನಿಗೆ ಹೇಳಿದಳು. ದಾರಗಳನ್ನು ನೋಡಿ ಅವನಿಗೂ ಖುಷಿಯಾಯಿತು. ಹೇಮಪ್ಪನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ.

"ಮತ್ತ ವಿಲಾಯತಿ ಅಲ್ಲದಿದ್ರ ರೋಗಾ ಯಾಕ ಹತ್ತಲಿಲ್ಲರಿ? ಇವಕ್ಕ ರೋಗಾನ ತಡಕೊಳ್ಳೂದು ಕಲಿಸಿತೇನು?"

"ರೋಗ ಏನೂ ಕಲಿಸಂಗಿಲ್ಲರಿ. ಜರಡಿ ಹಿಡದ್ರ ಜರಡಿ ಕಾಳು ಮಾಡತೈತೇನು? ಇದ್ದದ್ದರಾಗ ಒಂದನ್ನ ಉಳಿಸಿ ಒಂದನ್ನ ಬೀಳಸತೈತಿ, ಅಷ್ಟ. ತಡಕೊಳ್ಳೂ ಗುಣಾ ಕೆಲವಕ್ಕ ಮೊದಲ ಇತ್ತು. ಕೆಂಪ ದಂಟಿನಿಂದ ಬಂದದ್ದಲ್ಲ ಅದು, ನಿಮ್ಮ ಪಟ್ಟ್ಯಾಗ ಎರಡೂ ಜೋಡಿ ಬಂದಿರಬೇಕು. ಎಲ್ಲಾ ಒಂದ ನಮೂನಿ ಇದ್ದಿದ್ರ ಎಲ್ಲಾ ಹೋಗತಿದ್ವು. ಬ್ಯಾರೆಬ್ಯಾರೆ ಇದ್ದದ್ದಕ್ಕ ಕುಲ ಉಳೀತು. ಮುಂದಿನ ವರ್ಷ ನೋಡ್ರಿ, ಉಳದಾವರ ಮಕ್ಕಳ ಹೆಚ್ಚಿಗಿ ಇರತಾವ. ಹೊಲದ ಬಣ್ಣಾನ ಬದಲಾಗಿರತೈತಿ. ಯಾವ ಗಿಡಾನೂ ಬದಲಾಗಿರಂಗಿಲ್ಲ, ಹೊಲ ಬದಲಾಗಿರತೈತಿ."

ಆ ಕೊನೆಯ ಮಾತನ್ನು ಮಂಜವ್ವ ಬಾಯಲ್ಲೇ ಒಮ್ಮೆ ಅಂದುಕೊಂಡಳು. ಬದುವಿನಾಚೆ ಅಂದಪ್ಪನ ವಿಲಾಯತಿ ಬಿಳಿ ಹೂ ಬಿಟ್ಟು ನಿಂತಿತ್ತು.

"ಅದಕ್ಕೂ ಹತ್ತಿ ಅಂತೀವಿ, ಇದಕ್ಕೂ ಹತ್ತಿ ಅಂತೀವಿ. ಹಂಗಾರ ಅದ ಯಾಕ ಕೂಡವಲ್ದು?"

ಕುತುಬುದ್ದೀನ ಟೋಪಿ ತೆಗೆದು ತಲೆ ಕೆರೆದುಕೊಂಡ. ಹೇಳಲೋ ಬೇಡವೋ ಎನ್ನುವಂತೆ ಮಾತಾಡಿದ. "ನಾನೂ ಇಲಾಖೆಯಾಗ ದೊಡ್ಡಾವರು ಹೇಳಿದ್ದ ಕೇಳೀನಿ, ಯಕ್ಕಾರ. ಬಲು ಹಿಂದ ಎಲ್ಲಾ ಹತ್ತಿಗೂ ಒಂದ ಮೂಲ ಅಂತ. ನೀವು ಮತ್ತ ನಿಮ್ಮ ಅಕ್ಕ ಒಂದ ಬೀಜಾ ಹಂಚಿಕೊಂಡು ಗುಡ್ಡದ ಈಚೆ ಒಬ್ಬರು ಆಚೆ ಒಬ್ಬರು ಆದ್ರಿ. ಇಷ್ಟರಾಗ ಎರಡು ಹೊಲ ಬ್ಯಾರೆ ಕಾಣಾಕ ಹತ್ಯಾವ. ಗುಡ್ಡದ ಬದಲಿ ನಡುವ ಕಡಲ ಬಂತು ಅನ್ನರಿ. ಅತ್ಲಾಗಿನ ಧೂಳು ಇತ್ಲಾಗ ಬರಂಗಿಲ್ಲ. ಅಲ್ಲಿ ಬ್ಯಾರೆ ಮಳಿ, ಬ್ಯಾರೆ ರೋಗ, ಬ್ಯಾರೆ ಜರಡಿ. ಹಿಂಗ ಹೋಗಿ ಹೋಗಿ, ಒಂದ ದಿನ ಎದರಾ ಎದರ ನಿಲ್ಲಿಸಿದ್ರೂ ಒಂದಕ್ಕೊಂದು ಕೂಡದಂಗ ಆಗತಾವ. ಆಗ ಎರಡು ಕುಲ ಅಂತಾರ."

"ಎಷ್ಟ ವರ್ಷಕ್ಕ?"

"ಲಕ್ಷ ಲಕ್ಷ ವರ್ಷ ಅಂತಾರ. ನನಗ ಅದನ್ನ ಹೇಳಾಕ ಬರತೈತಿ, ತಿಳಕೊಳ್ಳಾಕ ಬರಂಗಿಲ್ಲ."

"ಯಾವ ದಿನ ಅದು ಬ್ಯಾರೆ ಆತು ಅಂತ ಯಾರೂ ನೋಡಿಲ್ಲೇನು?"

"ನೋಡಾಕ ಅಂಥಾ ಒಂದ ದಿನಾನ ಇರಂಗಿಲ್ಲರಿ. ಪ್ರತಿ ಬೀಜಾನೂ ತನ್ನ ತಾಯಿ ಕುಲದ್ದ. ತಾಯಿ ತನ್ನ ತಾಯಿದು. ಆದ್ರ ತುದಿಗೆ ನಿಂತು ಹೊಳ್ಳಿ ನೋಡಿದ್ರ ಮೊದಲಿಂದು ಗುರುತ ಸಿಗಂಗಿಲ್ಲ."

ಹೇಮಪ್ಪ ಬೀಡಿ ಸೇದುವುದನ್ನು ಮರೆತಿದ್ದ. ಕುತುಬುದ್ದೀನ ಇನ್ನೂ ಒಂದು ಹೇಳಿದ. ವಿಲಾಯತಿ ಹತ್ತಿ ಹುಟ್ಟಿದ್ದೇ ಎರಡು ಕುಲ ಕೂಡಿ ಅಂತೆ. ಕಡಲಾಚೆಯ ಒಂದು ಕಾಡುಹತ್ತಿ ಮತ್ತು ನಮ್ಮ ಜವಾರಿಯ ಕುಲಕ್ಕೆ ಸೇರಿದ ಒಂದು ಹತ್ತಿ. ಅಪರೂಪಕ್ಕೆ ಎಂದೋ ಒಮ್ಮೆ ಅವು ಕೂಡಿದವು. ಎರಡರ ಪಾಲನ್ನೂ ಇಡಿಯಾಗಿ ಹೊತ್ತುಕೊಂಡು ಹೊಸದೊಂದು ಕುಲ ಎದ್ದಿತು. ಹಾಗೆ ಎರಡು ಪಟ್ಟು ಹೊತ್ತದ್ದರಿಂದಲೇ ಅದು ಈಗ ತಾಯಿಯ ಕಡೆಯವರ ಜೊತೆ ಕೂಡುವುದಿಲ್ಲ.

ಮಂಜವ್ವ ಎದ್ದು ಬದುವಿನ ತನಕ ನಡೆದಳು. ಇಷ್ಟು ವರ್ಷ ಹೊರಗಿನದೆಂದು ಮೂಗು ಮುರಿದಿದ್ದ ಗಿಡ ಅದು. ಅದರೊಳಗೆ ತನ್ನ ಅವ್ವನ ಹತ್ತಿಯ ಯಾವುದೋ ಮುತ್ತಜ್ಜಿಯ ಪಾಲು ಕೂತಿತ್ತು. ಹೊಲ, ಹಳ್ಳ, ಅದರಾಚೆ ನೀಲಿಯಾಗಿ ಮಲಗಿದ್ದ ಕಪ್ಪತಗುಡ್ಡ ಎಲ್ಲವೂ ಇದ್ದಲ್ಲೇ ಇದ್ದವು. ಆದರೆ ಅವುಗಳ ಹಿಂದೆ ಇನ್ನೊಂದು ಬಯಲು ಬಿಚ್ಚಿಕೊಳ್ಳುತ್ತ ಹೋದ ಹಾಗೆ ಅವಳಿಗೆ ಅನಿಸಿತು. ಅಲ್ಲಿ ಹೆಂಗಸರ ಬದಲು ಗಿಡಗಳೇ ಒಂದರ ಹಿಂದೊಂದು ಸಾಲು ಹಿಡಿದು, ತಾಯಿಯಿಂದ ಮಗಳಿಗೆ ಉಡಿ ತುಂಬುತ್ತ ತುಂಬುತ್ತ ಬಂದಿದ್ದವು.

ಹೊರಳಿ ಕೇಳಿದಳು: "ನಮ್ಮ ಕುಲದ ಹತ್ತಿ ಕಡಲ ದಾಟಿ ಆ ಕಡೆ ಹೋತು ಅಂದ್ರಲ್ಲ. ಯಾರ ಉಡ್ಯಾಗ ಹೋತು?"

ಕುತುಬುದ್ದೀನ ನಗಲಿಲ್ಲ. "ಕೆಲವರು ಮನುಷ್ಯಾರ ಒಯ್ದಾರ ಅಂತಾರ. ಕೆಲವರು ಮನುಷ್ಯಾ ಹುಟ್ಟೂಕಿಂತ ಮೊದಲ ನೀರಾಗ ತೇಲಿ ಹೋಗೇತಿ ಅಂತಾರ. ಜಗಳಾ ಇನ್ನೂ ಹರದಿಲ್ಲ."

"ನಾಕಾದವ ಹಿಡದಿರಲಿಕ್ಕಿಲ್ಲ ಬಿಡು" ಅಂದ ಹೇಮಪ್ಪ.

ವೈಶಾಖದಲ್ಲಿ ಲಗ್ನವಾಯಿತು. ಉಡಿ ತುಂಬುವ ಹೊತ್ತಿಗೆ ಮಂಜವ್ವ ಮೊದಲು ತನ್ನ ಪಟ್ಟಿಯ ಕೆಂಪು ದಂಟಿನ ಬೀಜ ಹಾಕಿದಳು. ಅದರ ಮೇಲೆ ಅಕ್ಕನ ಹೊಲದ ಕೂಡುಬೀಜ. ಕಡೆಗೆ ಕೆಂಪು ದಾರ ಕಟ್ಟಿದ್ದ ಕಾಯಿಗಳ ನಾಲ್ಕು ಕಾಳು, ಹಸಿರು ಗಿಡದವು, ರೋಗಕ್ಕೆ ಸಿಕ್ಕರೂ ಕಾಯಿ ಬಲಿಯುವ ತನಕ ಜೀವ ಹಿಡಿದಿದ್ದ ಗಿಡದವು. ಬೀಗರ ಕಡೆಯ ಒಬ್ಬ ಹೆಂಗಸು ಇಣುಕಿ ನೋಡಿ, "ಇದೇನ್ರಿ, ನಮ್ಮ ಎಮ್ಮಿಗೂ ಉಡುಗೊರಿ ತಂದೀರಿ?" ಅಂದಳು. ಕಸ್ತೂರೆವ್ವ ಬಿಡಲಿಲ್ಲ: "ಹೌದರಿ. ಎಮ್ಮಿ ಯಾವದು ಅಂತ ಈಗ ನಮಗ ಗುರುತ ಸಿಕ್ತು."

ನಗೆ ಇಳಿದ ಮೇಲೆ ಮಂಜವ್ವ ಮಗಳ ಕಿವಿಯಲ್ಲಿ, "ಯಾವದೂ ಕೀಳಬ್ಯಾಡ. ನಿನಗ ಸೇರಲಿಲ್ಲಂದ್ರೂ ಕೀಳಬ್ಯಾಡ" ಅಂದಳು.

"ನಿನ್ನ ಅಳಿಯಗೂ ಅದ ಮಾತೇನ?" ಎಂದು ರೇಣುಕವ್ವ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

ಆ ವರ್ಷದ ನವೆಂಬರದಲ್ಲಿ ಮಿರಜದವರಿದ್ದ ಊರು, ಸಾಂಗಲಿಯವರಿದ್ದ ಊರು, ಇಂಗ್ರೇಜಿಯವರಿದ್ದ ಊರು, ಮೊಗಲಾಯಿ, ಎಲ್ಲ ಒಂದೇ ರಾಜ್ಯವಾದವು. ಮುಂಡರಗಿಯಲ್ಲಿ ತೋರಣ ಕಟ್ಟಿ ಪೇಢೆ ಹಂಚಿದರು. ಹೊಲಕ್ಕೆ ಅನ್ನ ಚೆಲ್ಲಿ ಪೂಜಿಸುವ ಎಳ್ಳ ಅಮಾವಾಸ್ಯೆಯ ಚರಗಕ್ಕೆ ಮಂಜವ್ವ ಮಗಳ ಊರಿಗೆ ಹೋದಳು. ಗಡಿ ಎಲ್ಲಿತ್ತೆಂದು ಚಕ್ಕಡಿ ಹೊಡೆಯುವವನನ್ನು ಕೇಳಿದರೆ, ಅವನು ಒಂದು ಜಾಲಿಯ ಗಿಡ ತೋರಿಸಿದ, ಆಮೇಲೆ ಅದಲ್ಲ ಅಂತ ಇನ್ನೊಂದು ತೋರಿಸಿದ.

ರೇಣುಕವ್ವನ ಹೊಲದ ಅಂಚಿನಲ್ಲಿ ಹತ್ತಿ ಹೂ ಬಿಟ್ಟಿತ್ತು. ಕೆಂಪು ದಂಟಿನವು ಹೆಚ್ಚು, ಹಸಿರಿನವು ಕೆಲವು, ತಾಮ್ರದವು ಕೆಲವು. ಆ ನೆಲದಲ್ಲೂ ರೋಗವಿತ್ತು. ಒಂದಿಷ್ಟು ಸೊರಗಿದ್ದವು, ಬಹಳಷ್ಟು ನಿಂತಿದ್ದವು. ಮಂಜವ್ವ ಸಾಲಿನ ನಡುವೆ ನಡೆಯುತ್ತ ಪ್ರತಿ ಗಿಡವನ್ನೂ ಮೈದಡವಿದಳು. ಹತ್ತಿ ಉಳಿದಿತ್ತು, ಅವ್ವನೂ ಉಳಿದಿದ್ದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸಾಲಿನ ತುದಿಯಲ್ಲಿ ಅವಳ ಕಾಲು ನಿಂತಿತು. ಒಂದು ಗಿಡದ ಹೂವುಗಳಲ್ಲಿ ಕಣ್ಣೇ ಇರಲಿಲ್ಲ. ದಳ ಹಳದಿ, ನಡುವೆಯೂ ಹಳದಿ. ಅಂಥದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮುಂದೆ ಕಸ್ತೂರೆವ್ವನನ್ನು ಕೇಳಿದಾಗ ಅವಳೂ ಕಂಡಿಲ್ಲ ಅಂದಳು. ಕುತುಬುದ್ದೀನನನ್ನು ಕೇಳಿದಾಗ, ಹಿಂದಿನ ಯಾವುದೋ ಅಜ್ಜಿಯದು ಇಷ್ಟು ದಿನ ಒಳಗೇ ಅಡಗಿದ್ದು ಈಗ ಹೊರಗೆ ಬಂದಿರಬಹುದು, ಇಲ್ಲವೇ ಆ ಬೀಜದಲ್ಲೇ ಹೊಸದಾಗಿ ಹುಟ್ಟಿರಬಹುದು, ಯಾವುದೆಂದು ಹೇಳಲು ತನ್ನಿಂದ ಆಗದು ಅಂದ.

"ಕೀಳಲೇನ?" ಅಂತ ರೇಣುಕವ್ವ ಬೇಕೆಂದೇ ಕೇಳಿದಳು.

ಮಂಜವ್ವ ಮಗಳ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟಳು. ಚರಗದ ಅನ್ನದಲ್ಲಿ ಒಂದು ತುತ್ತನ್ನು ಆ ಗಿಡದ ಬುಡಕ್ಕೆ ಹಾಕಿದಳು.

ಆ ಕಣ್ಣಿಲ್ಲದ ಹೂವು ಹಳೆಯದೋ ಹೊಸದೋ ಕೊನೆಗೂ ತಿಳಿಯಲಿಲ್ಲ. ಅದರ ಬೀಜದಿಂದ ಬಂದವು ಈಗ ಎಲ್ಲಿವೆ, ಉಳಿದಿವೆಯೋ ಇಲ್ಲವೋ, ಅದೂ ಗೊತ್ತಿಲ್ಲ.